ಗೇರ್ ಎಣ್ಣೆ ಹಾಲಿನಂತಾಗಿದೆಯೇ? ದೋಣಿಯ ಡ್ರೈವ್ ಒಳಗೆ ನೀರು ಸೇರಿದ್ದನ್ನು ಪತ್ತೆಹಚ್ಚುವುದು ಹೇಗೆ

ದೋಣಿಯ ಗೇರ್ ಎಣ್ಣೆ ಬದಲಿಸಲು ಕೆಳಗಿನ ಸ್ಕ್ರೂ ಬಿಚ್ಚಿದಾಗ ಕೆಲವೊಮ್ಮೆ ಎಣ್ಣೆಯ ಬದಲು ಹಾಲು ಬೆರೆಸಿದ ಕಾಫಿಯಂಥ ದ್ರವ ಸುರಿಯುತ್ತದೆ. ಇದನ್ನು ಕಂಡವರಲ್ಲಿ ಕೆಲವರು "ಎಂಜಿನ್ ಕಥೆ ಮುಗಿಯಿತು" ಎನ್ನುತ್ತಾರೆ. ಇನ್ನು ಕೆಲವರು "ಹೊಸ ಎಣ್ಣೆ ತುಂಬಿದರೆ ಸರಿಹೋಗುತ್ತದೆ, ಚಿಂತೆ ಬೇಡ" ಎನ್ನುತ್ತಾರೆ. ಎರಡೂ ಸರಿಯಲ್ಲ. ಮೊದಲನೆಯದನ್ನು ನಂಬಿದರೆ ಬೇಡದ ಖರ್ಚು, ಎರಡನೆಯದನ್ನು ನಂಬಿದರೆ ನೀರಿನ ನಡುವೆ ದೋಣಿ ನಿಂತುಹೋಗುವ ಅಪಾಯ.

ಎಣ್ಣೆಯ ಬಣ್ಣ ಅನುಮಾನ ಹುಟ್ಟಿಸುತ್ತದೆ, ಅಷ್ಟೆ. ನೀರು ನಿಜವಾಗಿಯೂ ಸೇರಿದೆಯೇ, ಸೇರಿದ್ದರೆ ಯಾವ ದಾರಿಯಿಂದ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಸಿಗುವವರೆಗೆ ಪರೀಕ್ಷೆ ಮುಗಿದಂತಲ್ಲ.

ಸ್ಟರ್ನ್‌ಡ್ರೈವ್ ಎಂದರೇನು?

ಎಂಜಿನ್ ದೋಣಿಯ ಒಳಗೆ, ಪ್ರೊಪೆಲ್ಲರ್ ಇರುವ ಗೇರ್ ಭಾಗ ಹಿಂಬದಿಯ ಹಲಗೆಯ ಹೊರಗೆ: ಇದು ಸ್ಟರ್ನ್‌ಡ್ರೈವ್‌ನ ರಚನೆ. 1959ರಲ್ಲಿ ವೋಲ್ವೊ ಪೆಂಟಾ ಕಂಪನಿ 'ಅಕ್ವಾಮ್ಯಾಟಿಕ್' ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅಮೆರಿಕ ಮತ್ತು ಯುರೋಪಿನ ವಿಹಾರದ ದೋಣಿಗಳಲ್ಲಿ ಇದು ಇಂದಿಗೂ ಸಾಮಾನ್ಯ.

ಎಂಜಿನ್‌ನಿಂದ ಅಡ್ಡಲಾಗಿ ಬಂದ ತಿರುಗುವ ಶಕ್ತಿ ಮೊದಲು 90 ಡಿಗ್ರಿ ಕೆಳಕ್ಕೆ, ಮತ್ತೆ 90 ಡಿಗ್ರಿ ಹಿಂದಕ್ಕೆ ತಿರುಗಿ ಪ್ರೊಪೆಲ್ಲರ್ ತಲುಪುತ್ತದೆ. ಈ ಎರಡು ತಿರುವುಗಳಲ್ಲಿರುವ ಗೇರು ಮತ್ತು ಬೇರಿಂಗುಗಳೆಲ್ಲ ಸುಮಾರು ಎರಡು-ಮೂರು ಲೀಟರ್ ಎಣ್ಣೆಯಲ್ಲಿ ಮುಳುಗಿರುತ್ತವೆ. ಆ ಪೆಟ್ಟಿಗೆಯ ಕೆಳಭಾಗವಾದರೋ ಸದಾ ನೀರಿನಲ್ಲಿ ಮುಳುಗಿರುತ್ತದೆ. ಒಳಗಿನ ಎಣ್ಣೆಗೂ ಹೊರಗಿನ ನೀರಿಗೂ ನಡುವೆ ಇರುವುದು ಕೆಲವು ರಬ್ಬರ್ ಸೀಲುಗಳು, ಓ-ರಿಂಗುಗಳು ಮತ್ತು ವಾಷರುಗಳು ಮಾತ್ರ.

ನಮ್ಮ ಕರಾವಳಿಯ ನಾಡದೋಣಿಗಳಲ್ಲಿ ಕಾಣುವ ಔಟ್‌ಬೋರ್ಡ್ ಎಂಜಿನ್‌ನ ಕೆಳಭಾಗದಲ್ಲೂ ಇಂಥದೇ ಗೇರ್ ಪೆಟ್ಟಿಗೆ ಇರುತ್ತದೆ. ಅಲ್ಲಿ ತಿರುವು ಒಂದೇ. ಕಾಯಿಲೆಯೂ ಪರೀಕ್ಷೆಯೂ ಹೆಚ್ಚುಕಡಿಮೆ ಅವೇ.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಎಂಜಿನ್ ಎಣ್ಣೆ ಬೇರೆ, ಗೇರ್ ಎಣ್ಣೆ ಬೇರೆ. ಎರಡೂ ಎಲ್ಲಿಯೂ ಸೇರುವುದಿಲ್ಲ. ಎಂಜಿನ್ ಎಣ್ಣೆ ಬಿಳಿಚಿಕೊಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆಯೇ, ಬ್ಲಾಕ್ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕಾಗುತ್ತದೆ. ಗೇರ್ ಎಣ್ಣೆ ಬಿಳಿಯಾದರೆ ಎಂಜಿನ್ ಹಾಳಾಗಿದೆ ಎಂದರ್ಥವಲ್ಲ. ಬಹಳ ಸಲ ಕಾರಣ ಸವೆದ ಒಂದು ಸೀಲ್ ಆಗಿರುತ್ತದೆ.

ಸ್ವಲ್ಪ ನೀರು ಸೇರಿದರೆ ಏನಾಗುತ್ತದೆ?

ಗೇರಿನ ಹಲ್ಲುಗಳು ಒಂದನ್ನೊಂದು ಒತ್ತುವಾಗ ಅವುಗಳ ನಡುವೆ ಎಣ್ಣೆಯ ಬಹಳ ತೆಳುವಾದ ಪದರ ಇರುತ್ತದೆ. ಲೋಹಕ್ಕೆ ಲೋಹ ತಾಗದಂತೆ ಕಾಯುವುದು ಈ ಪದರ. ನೀರಿಗೆ ಅಷ್ಟು ಒತ್ತಡದಲ್ಲಿ ಅಂಥ ಪದರ ಕಟ್ಟುವ ಗುಣವಿಲ್ಲ. ನೀರಿನ ಹನಿ ಒತ್ತಡದ ಜಾಗಕ್ಕೆ ಬಂದಾಗ ಪದರ ಹರಿಯುತ್ತದೆ, ಬೇರಿಂಗಿನ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳು ಬೆಳೆಯುತ್ತವೆ. ಎಂಜಿನ್ ನಿಲ್ಲಿಸಿಟ್ಟ ದಿನಗಳಲ್ಲಿ ತುಕ್ಕು ತನ್ನ ಕೆಲಸ ಮಾಡುತ್ತದೆ. ಉಪ್ಪುನೀರಾದರೆ ಇನ್ನೂ ಬೇಗ.

ಎಷ್ಟು ನೀರು ಅಪಾಯ? 1977ರಲ್ಲಿ ಪ್ರಕಟವಾದ ಕ್ಯಾಂಟ್ಲಿ ಎಂಬ ಸಂಶೋಧಕರ ಪ್ರಯೋಗಗಳಲ್ಲಿ ಎಣ್ಣೆಯಲ್ಲಿನ ನೀರಿನ ಪ್ರಮಾಣ ಶೇ. 0.01ರಿಂದ ಶೇ. 0.04ಕ್ಕೆ ಏರಿದಾಗ ಬೇರಿಂಗಿನ ಆಯಸ್ಸು ಅರ್ಧಕ್ಕಿಂತ ಕೆಳಗಿಳಿಯಿತು. ಶೇ. 0.04 ಎಂದರೆ ಒಂದು ಲೀಟರಿಗೆ 0.4 ಮಿಲಿಲೀಟರ್, ಅಂದರೆ ಕೆಲವೇ ಹನಿ. ಆ ಪ್ರಯೋಗದ ಎಣ್ಣೆ ದೋಣಿಯ ಗೇರ್ ಎಣ್ಣೆಯಲ್ಲ. ಆದ್ದರಿಂದ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಹೊಂದಿಸುವಂತಿಲ್ಲ. ಆದರೆ ಪಾಠ ಸ್ಪಷ್ಟ: ಎಣ್ಣೆ ಕಣ್ಣಿಗೆ ಹಾಲಿನಂತೆ ಕಾಣುವ ಹೊತ್ತಿಗೆ ನೀರು ನಿರ್ಲಕ್ಷಿಸಬಹುದಾದ ಮಟ್ಟವನ್ನು ದಾಟಿರುತ್ತದೆ.

ಚಳಿದೇಶಗಳಲ್ಲಿ ಇನ್ನೊಂದು ತೊಂದರೆಯಿದೆ. ತಳದಲ್ಲಿ ನಿಂತ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗಿ ಪೆಟ್ಟಿಗೆಯನ್ನೇ ಸೀಳಬಲ್ಲದು. ಅಲ್ಲಿ ಗೇರ್ ಎಣ್ಣೆಯನ್ನು ವಸಂತದಲ್ಲಲ್ಲ, ಚಳಿಗಾಲಕ್ಕೆ ದೋಣಿ ಎತ್ತಿಡುವ ಮೊದಲೇ ನೋಡಬೇಕು ಎನ್ನುವುದು ಇದಕ್ಕಾಗಿ.

ಬಿಳಿ ಎಂದರೆ ನೀರೇ?

ಯಾವಾಗಲೂ ಅಲ್ಲ. ಗೇರುಗಳು ಎಣ್ಣೆಯನ್ನು ಜೋರಾಗಿ ಕಡೆಯುವುದರಿಂದ ಗಾಳಿಯ ಸಣ್ಣ ಗುಳ್ಳೆಗಳು ಸೇರಿ, ಎಂಜಿನ್ ನಿಲ್ಲಿಸಿದ ಕೂಡಲೇ ತೆಗೆದ ಎಣ್ಣೆ ಮಸುಕಾಗಿ ಕಾಣಬಹುದು. ಎಣ್ಣೆ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಇದು ಇನ್ನೂ ಹೆಚ್ಚು.

ಎರಡನ್ನೂ ಬೇರ್ಪಡಿಸುವುದು ಸುಲಭ. ಎಣ್ಣೆಯನ್ನು ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಅಲುಗಿಸದೆ ಇಡಿ. ಗಾಳಿಯಾದರೆ ಗುಳ್ಳೆಗಳು ಮೇಲೇರಿ ಎಣ್ಣೆ ತಿಳಿಯಾಗುತ್ತದೆ. ನೀರಾದರೆ ಬಿಳಿ ಬಣ್ಣ ಹಾಗೆಯೇ ಉಳಿಯುತ್ತದೆ, ಇಲ್ಲವೇ ತಳದಲ್ಲಿ ನೀರು ಬೇರೆ ಪದರವಾಗಿ ನಿಲ್ಲುತ್ತದೆ. ದೋಣಿಗೆಂದೇ ತಯಾರಾದ ಹಲವು ಗೇರ್ ಎಣ್ಣೆಗಳಲ್ಲಿ ನೀರನ್ನು ತನ್ನೊಳಗೆ ಹಿಡಿದಿಡುವ ರಾಸಾಯನಿಕ ಇರುತ್ತದೆ. ಅಂಥ ಎಣ್ಣೆಯಲ್ಲಿ ನೀರು ಬೇಗ ಬೇರ್ಪಡುವುದಿಲ್ಲ.

ಅನುಮಾನ ಉಳಿದರೆ ಬಿಸಿ ತಟ್ಟೆಯ ಪರೀಕ್ಷೆಯಿದೆ. ಒಗ್ಗರಣೆಗೆ ಒದ್ದೆ ಕರಿಬೇವು ಬಿದ್ದಾಗ ಚಟಪಟ ಸಿಡಿಯುವುದು ಎಲೆಗೆ ಅಂಟಿದ ನೀರಿನಿಂದ. ಅದೇ ರೀತಿ ಸುಮಾರು 130ರಿಂದ 150 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಲೋಹದ ತಟ್ಟೆಯ ಮೇಲೆ ಒಂದೇ ಹನಿ ಎಣ್ಣೆ ಬಿಟ್ಟರೆ, ನೀರಿದ್ದಲ್ಲಿ ಅದು ಆವಿಯಾಗಿ ಸಿಡಿಯುತ್ತದೆ. ಕಣ್ಣಿಗೆ ರಕ್ಷಣೆ ಬೇಕು, ಗಾಳಿಯಾಡುವ ಜಾಗ ಬೇಕು, ಬೆಂಕಿಯ ಜ್ವಾಲೆ ಹತ್ತಿರ ಇರಬಾರದು, ಅಡುಗೆಯ ಪಾತ್ರೆ ಬಳಸಬಾರದು. ನೀರು ತೀರ ಕಡಿಮೆಯಿದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ. ಖಚಿತ ಪ್ರಮಾಣ ಬೇಕೆಂದರೆ ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಕಾರ್ಲ್ ಫಿಷರ್ 1935ರಲ್ಲಿ ರೂಪಿಸಿದ ವಿಧಾನದಿಂದ ನೀರನ್ನು ಅಳೆಯುತ್ತಾರೆ.

ಎಣ್ಣೆ ತೆಗೆಯುವ ಕ್ರಮವೇ ಅರ್ಧ ಪರೀಕ್ಷೆ

ನೀರು ಎಣ್ಣೆಗಿಂತ ಭಾರ. ಆದ್ದರಿಂದ ದೋಣಿಯನ್ನು ನೀರಿನಿಂದ ಎತ್ತಿ, ಡ್ರೈವನ್ನು ನೆಟ್ಟಗೆ ಇಳಿಸಿ, ಒಂದು ರಾತ್ರಿ ಬಿಟ್ಟರೆ ಬೇರ್ಪಟ್ಟ ನೀರೆಲ್ಲ ತಳಕ್ಕೆ ಬಂದಿರುತ್ತದೆ. ಮರುದಿನ ಮೇಲಿನ ಗಾಳಿ ಸ್ಕ್ರೂ ಮುಟ್ಟದೆ, ಕೆಳಗಿನ ಸ್ಕ್ರೂವನ್ನು ಮಾತ್ರ ನಿಧಾನವಾಗಿ ಸಡಿಲಿಸಿ, ಮೊದಲು ಬರುವ ಒಂದೆರಡು ಚಮಚವನ್ನು ಬೇರೆ ಬಾಟಲಿಯಲ್ಲಿ ಹಿಡಿಯಬೇಕು. ಮೊದಲು ತಿಳಿನೀರು ಬಂದು ಆಮೇಲೆ ಎಣ್ಣೆ ಬಂದರೆ ಇನ್ನು ಅನುಮಾನಕ್ಕೆ ಎಡೆಯಿಲ್ಲ. ನಂತರ ಮೇಲಿನ ಸ್ಕ್ರೂ ತೆಗೆದರೆ ಉಳಿದ ಎಣ್ಣೆ ಸರಾಗವಾಗಿ ಇಳಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಬಕೆಟ್ಟಿಗೆ ಸುರಿದರೆ ಈ ಸಾಕ್ಷ್ಯ ಕಳೆದುಹೋಗುತ್ತದೆ.

ಹಲವು ಸ್ಟರ್ನ್‌ಡ್ರೈವ್‌ಗಳಲ್ಲಿ ಎಣ್ಣೆಯ ಮಟ್ಟ ನೋಡಲು ದೋಣಿಯೊಳಗೆ ಒಂದು ಪ್ಲಾಸ್ಟಿಕ್ ಬಾಟಲಿ ಇರುತ್ತದೆ. "ಬಾಟಲಿಯ ಎಣ್ಣೆ ಸ್ವಚ್ಛವಾಗಿದೆ, ಹಾಗಾಗಿ ನೀರಿಲ್ಲ" ಎಂಬ ನಂಬಿಕೆ ಮೋಸ ಮಾಡುವುದು ಇಲ್ಲಿಯೇ. ಬಾಟಲಿ ಇರುವುದು ಮೇಲೆ, ನೀರು ಸೇರುವುದು ಕೆಳಗೆ. ಆ ಬಾಟಲಿಯಲ್ಲಿ ನೋಡಬೇಕಾದದ್ದು ಬಣ್ಣಕ್ಕಿಂತ ಮಟ್ಟ. ತಣ್ಣಗಿರುವಾಗ ಮಟ್ಟ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಎಣ್ಣೆ ಹೊರಹೋಗುತ್ತಿದೆ. ಕಾರಣವಿಲ್ಲದೆ ಏರುತ್ತಿದ್ದರೆ ನೀರು ಒಳಬರುತ್ತಿರಬಹುದು.

ಸ್ಕ್ರೂವಿನ ತುದಿಯ ಅಯಸ್ಕಾಂತವನ್ನೂ ನೋಡಿ. ಬೂದು ಬಣ್ಣದ ನುಣ್ಣನೆಯ ಹುಡಿ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಹಾನಿ ಸೀಲನ್ನು ದಾಟಿ ಗೇರು, ಬೇರಿಂಗಿಗೆ ತಲುಪಿದೆ ಎಂದರ್ಥ.

ನೀರು ಬಂದ ದಾರಿ ಯಾವುದು?

"ಗಾಳಿಯ ತೇವಾಂಶ ತಣಿದು ನೀರಾಗಿರಬೇಕು" ಎಂಬ ಸಮಾಧಾನವನ್ನು ಹಲವರು ಹೇಳುತ್ತಾರೆ. ಎಣ್ಣೆ ತುಂಬಿದ, ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಗೆ ಇರುವ ಜಾಗವೇ ಅಲ್ಪ. ಎಣ್ಣೆಯನ್ನು ಹಾಲಾಗಿಸುವಷ್ಟು ನೀರು ಅಲ್ಲಿಂದ ಬರುವುದಿಲ್ಲ. ಅದು ಹೊರಗಿನಿಂದಲೇ ಬಂದಿರುತ್ತದೆ.

ಬರುವ ರೀತಿ ಹೀಗೆ. ಓಡುವಾಗ ಪೆಟ್ಟಿಗೆ ಬಿಸಿಯಾಗಿ ಒಳಗಿನ ಎಣ್ಣೆ, ಗಾಳಿ ಹಿಗ್ಗುತ್ತವೆ. ನಿಲ್ಲಿಸಿದ ಮೇಲೆ ತಣ್ಣೀರಿನಲ್ಲಿ ತಣಿದು ಕುಗ್ಗುತ್ತವೆ. ಆಗ ಒಳಗಿನ ಒತ್ತಡ ಇಳಿದು, ಸವೆದ ಸೀಲಿನ ಸಂದಿಯಿಂದ ನೀರು ಒಳಕ್ಕೆ ಎಳೆಯಲ್ಪಡುತ್ತದೆ. ಎಣ್ಣೆ ಹೊರಗೆ ಸೋರದಿದ್ದರೂ ನೀರು ಒಳಗೆ ಬರಬಹುದು ಎಂಬುದಕ್ಕೆ ಇದು ಒಂದು ಕಾರಣ.

ಮೊದಲು ನೋಡಬೇಕಾದದ್ದು ಅಗ್ಗದ ಭಾಗಗಳನ್ನು. ಎಣ್ಣೆಯ ಸ್ಕ್ರೂಗಳ ವಾಷರುಗಳನ್ನು ಪ್ರತಿ ಸಲವೂ ಹೊಸದಾಗಿ ಹಾಕಬೇಕು. ಹಳೆಯದನ್ನೇ ಮತ್ತೆ ಬಿಗಿದರೆ ಸೋರುವ ಸಂಭವವಿದೆ. ಆಮೇಲೆ ಪ್ರೊಪೆಲ್ಲರ್ ಶಾಫ್ಟಿನ ಸೀಲುಗಳು. ಗಾಳದ ನೈಲಾನ್ ದಾರ ಅಥವಾ ಬಲೆಯ ನೂಲು ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು, ಬಿಗಿದು, ಸೀಲನ್ನು ಕತ್ತರಿಸುತ್ತದೆ. ಪ್ರೊಪೆಲ್ಲರ್ ಬಿಚ್ಚದ ಹೊರತು ಇದು ಕಾಣುವುದಿಲ್ಲ. ನಂತರ ಗೇರ್ ಬದಲಿಸುವ ಶಾಫ್ಟಿನ ಸೀಲ್, ನೀರಿನ ಪಂಪಿನ ಕೆಳಗಿನ ಸೀಲ್, ಮೇಲಿನ-ಕೆಳಗಿನ ಭಾಗಗಳ ನಡುವಿನ ಓ-ರಿಂಗ್. ಸ್ಟರ್ನ್‌ಡ್ರೈವ್‌ನಲ್ಲಿ ಎಂಜಿನ್ ಕಡೆಯ ಶಾಫ್ಟನ್ನು ಮುಚ್ಚಿರುವ ಮಡಿಕೆ ಮಡಿಕೆಯ ರಬ್ಬರ್ ಕೊಳವೆಯನ್ನೂ ನೋಡಬೇಕು. ಅದು ಹರಿದರೆ ನೀರು ಅಲ್ಲಿನ ಬೇರಿಂಗನ್ನು ಕೆಡಿಸುತ್ತದೆ, ಮುಂದಿನ ಸೀಲ್ ಸವೆದಿದ್ದರೆ ಗೇರ್ ಪೆಟ್ಟಿಗೆಗೂ ಇಳಿಯುತ್ತದೆ.

ಊಹೆ ಬಿಟ್ಟು ಪರೀಕ್ಷಿಸಲು ಮೆಕ್ಯಾನಿಕ್‌ಗಳು ಬಳಸುವ ಉಪಾಯ ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕಿದಂತೆಯೇ. ಎಣ್ಣೆ ಖಾಲಿ ಮಾಡಿ, ಪೆಟ್ಟಿಗೆಗೆ ಸಾಮಾನ್ಯವಾಗಿ 10ರಿಂದ 15 ಪಿಎಸ್‌ಐ ಗಾಳಿ ತುಂಬಿ, ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ಕೆಲವು ನಿಮಿಷ ಕಾಯುತ್ತಾರೆ. ಇಳಿದರೆ ಸೀಲುಗಳ ಮೇಲೆ ಸಾಬೂನು ನೀರು ಸಿಂಪಡಿಸಿದಾಗ ಗುಳ್ಳೆ ಎದ್ದ ಜಾಗವೇ ಕಳ್ಳದಾರಿ. ಶಾಫ್ಟುಗಳನ್ನು ಕೈಯಿಂದ ತಿರುಗಿಸುತ್ತ ನೋಡಬೇಕು. ನಿಂತಾಗ ಹಿಡಿದ ಸೀಲ್ ತಿರುಗುವಾಗ ಬಿಡಬಹುದು. ಸರಿಯಾದ ಒತ್ತಡ ಎಷ್ಟೆಂಬುದು ಆಯಾ ಮಾದರಿಯ ಕೈಪಿಡಿಯಲ್ಲಿರುತ್ತದೆ. ಅದನ್ನು ಮೀರಿದರೆ ಒಳ್ಳೆಯ ಸೀಲೂ ಹಾಳಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಬಾರದು. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಸಾಮಾನ್ಯವಾಗಿ ಎರಡು ಸೀಲುಗಳಿರುತ್ತವೆ: ಒಂದು ಎಣ್ಣೆಯನ್ನು ಒಳಗಿಡಲು, ಇನ್ನೊಂದು ನೀರನ್ನು ಹೊರಗಿಡಲು. ಒಳಗಿನಿಂದ ಗಾಳಿ ಒತ್ತಿದಾಗ ಮೊದಲನೆಯದು ಬಿಗಿಯಾಗಿ ಕೂತು ಎರಡನೆಯದರ ದೋಷವನ್ನು ಮರೆಮಾಡಬಹುದು. ಅದಕ್ಕಾಗಿ ಗಾಳಿಯನ್ನು ಹೊರಕ್ಕೆಳೆದು ನಿರ್ವಾತ ಪರೀಕ್ಷೆಯನ್ನೂ ಮಾಡುತ್ತಾರೆ. ನೀರು ನಿಜವಾಗಿ ಒಳಬರುವ ದಿಕ್ಕು ಅದೇ ತಾನೆ?

ದುರಸ್ತಿಯ ನಂತರ

ದೋಷವಿರುವ ಸೀಲ್ ಬದಲಿಸುವಾಗ ಶಾಫ್ಟಿನ ಮೇಲೆ ಸೀಲ್ ಉಜ್ಜಿದ ಕಡೆ ತೋಡು ಬಿದ್ದಿದೆಯೇ ಎಂದು ನೋಡಬೇಕು. ಇದ್ದರೆ ಹೊಸ ಸೀಲೂ ಹೆಚ್ಚು ದಿನ ಬಾಳುವುದಿಲ್ಲ. ಎಣ್ಣೆಯನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಬೇಕು. ಆಗ ಗಾಳಿ ಮೇಲಿನ ತೂತಿನಿಂದ ಹೊರಹೋಗುತ್ತದೆ. ಕೆಲವು ಗಂಟೆ ಓಡಿಸಿದ ಮೇಲೆ ಕೆಳಗಿನ ಸ್ಕ್ರೂವಿನಿಂದ ಮತ್ತೆ ಒಂದು ಚಮಚ ತೆಗೆದು ನೋಡಿ. ಆ ಚಮಚ ತಿಳಿಯಾಗಿದ್ದರೆ ದುರಸ್ತಿ ಫಲಿಸಿದೆ. ಹಳೆಯ ಎಣ್ಣೆಯನ್ನು ನೀರಿಗೆ ಚೆಲ್ಲದೆ, ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಕೊಡಿ.

ಹೊಸ ಎಣ್ಣೆ ತುಂಬಿದ ಮಾತ್ರಕ್ಕೆ ಸೀಲಿನ ಸಂದಿ ಮುಚ್ಚುವುದಿಲ್ಲ. ಸೋರುವ ಮಾಡಿನ ಕೆಳಗಿಟ್ಟ ಪಾತ್ರೆ ಬದಲಿಸಿದಂತೆ, ಅದು ಮುಂದಿನ ಮಳೆಯವರೆಗಿನ ಸಮಾಧಾನ ಮಾತ್ರ. ಬೇಗ ಪತ್ತೆಯಾದರೆ ಒಂದು ಸೀಲ್‌ನಲ್ಲಿ ಮುಗಿಯುವ ಕೆಲಸ, ತಡವಾದರೆ ಇಡೀ ಗೇರ್ ಪೆಟ್ಟಿಗೆಯನ್ನೇ ಬದಲಿಸುವವರೆಗೆ ಹೋಗುತ್ತದೆ.