ನಾಲಿಗೆ ಬಾತು ಉಸಿರು ಕಟ್ಟಿದಾಗ ಇಂಗ್ಲಿಷ್ ಚೀಟಿ ಓದುವವರಾರು?

ಕನ್ನಡದ ತರುಣರೇ,

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಬಂದು ಬೆಂಗಳೂರು, ಹುಬ್ಬಳ್ಳಿಯಲ್ಲಿ ದುಡಿಯುತ್ತಿರುವವರೇ, ಒಂದು ಪ್ರಶ್ನೆ. ಊರಲ್ಲಿರುವ ನಿಮ್ಮ ಅಪ್ಪ ದಿನಾ ನುಂಗುವ ಬಿ.ಪಿ. ಗುಳಿಗೆಯ ಹೆಸರೇನು? ಅವರಿಗೇ ಗೊತ್ತಿಲ್ಲ! ಗೊತ್ತಾಗುವುದಾದರೂ ಹೇಗೆ? ಗುಳಿಗೆಯ ಮೇಲೆ ಇಂಗ್ಲಿಷ್, ಚೀಟಿಯಲ್ಲಿ ಇಂಗ್ಲಿಷ್, ಡಿಸ್ಚಾರ್ಜ್ ಕಾಗದದಲ್ಲೂ ಇಂಗ್ಲಿಷ್!

ಇದು ಬರೀ ಭಾಷಾಭಿಮಾನದ ಮಾತಲ್ಲ, ಜೀವದ ಮಾತು. ತುಟಿ, ನಾಲಿಗೆ, ಕಣ್ಣಿನ ಸುತ್ತ ಏಕಾಏಕಿ ಬಾವು ಬರುವುದಕ್ಕೆ ಡಾಕ್ಟರರು ಆಂಜಿಯೋಎಡಿಮಾ ಎನ್ನುತ್ತಾರೆ. ಗಂಟಲಿಗೆ ಇಳಿದರೆ ಉಸಿರೇ ನಿಂತೀತು. ನೋಡಲು ಬಾವು ಒಂದೇ. ಮದ್ದು ಒಂದೇ ಅಲ್ಲ!

ಶೇಂಗಾ, ಜೇನುಹುಳ, ಔಷಧಿಯ ಅಲರ್ಜಿಯಿಂದ ಬಂದರೆ ಹೆಚ್ಚಾಗಿ ತುರಿಕೆ, ದದ್ದು ಜೊತೆಗಿರುತ್ತವೆ. ಉಸಿರಿಗೆ ತೊಂದರೆಯಾದರೆ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ತಕ್ಷಣ ಬೇಕು. ಅಲರ್ಜಿ ಗುಳಿಗೆ, ಸ್ಟಿರಾಯ್ಡ್ ಎಲ್ಲ ಅದರ ನಂತರ.

ಎರಡನೆಯದು, ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಎಂಬ ಬಿ.ಪಿ. ಗುಳಿಗೆಗಳಿಂದ ಕೆಲವರಿಗೆ ಬರುವ ಬಾವು. ವರ್ಷಗಟ್ಟಲೆ ನುಂಗಿದ ಮೇಲೂ ಬರಬಹುದು. ಇಲ್ಲಿ ಅಲರ್ಜಿ ಮದ್ದು ಅಷ್ಟಾಗಿ ನಾಟುವುದಿಲ್ಲ. ಉಸಿರಿನ ದಾರಿ ಕಾಯಬೇಕು, ಡಾಕ್ಟರರು ಆ ಗುಳಿಗೆ ಬಿಡಿಸಿ ಬೇರೆ ಕೊಡಬೇಕು, ಮುಂದೆಂದೂ ಆ ಜಾತಿಯ ಗುಳಿಗೆ ಮುಟ್ಟಬಾರದು.

ಮೂರನೆಯದು ವಂಶದಲ್ಲೇ ಬರುವುದು, ಸುಮಾರು 50,000 ಜನರಲ್ಲಿ ಒಬ್ಬರಿಗೆ. ತುರಿಕೆ ಇಲ್ಲ, ಹೊಟ್ಟೆನೋವು ಉಂಟು. ಅಡ್ರಿನಲಿನ್, ಸ್ಟಿರಾಯ್ಡ್ ಇದಕ್ಕೆ ಮದ್ದಲ್ಲ. ಇಕಾಟಿಬ್ಯಾಂಟ್ ಅಥವಾ ಸಿ1 ಇನ್ಹಿಬಿಟರ್ ಚುಚ್ಚುಮದ್ದು ಬೇಕು. ಅವು ಸಿಗದಿದ್ದರೆ ರಕ್ತನಿಧಿಯ ಪ್ಲಾಸ್ಮಾ. ಪದೇ ಪದೇ ಬಾರದಂತೆ ಟ್ರಾನೆಕ್ಸಾಮಿಕ್ ಆಸಿಡ್, ಡಾನಜೋಲ್ ಕೊಡುವುದುಂಟು. ಡಾನಜೋಲ್ ಗರ್ಭಿಣಿಯರಿಗೆ ಸಲ್ಲದು. ಆ ಎಚ್ಚರಿಕೆಯೂ ಇಂಗ್ಲಿಷಿನಲ್ಲೇ! ಸವದತ್ತಿಯ ತಂಗಿ ಅದನ್ನು ಓದುವುದು ಹೇಗೆ?

ನಡುರಾತ್ರಿ ರಾಮದುರ್ಗದಲ್ಲಿ ನಾಲಿಗೆ ಬಾತರೆ, ಬೆಳಗಾವಿ ಸುಮಾರು 100 ಕಿ.ಮೀ. ದೂರ. ಡ್ಯೂಟಿ ಡಾಕ್ಟರ್ ಮೊದಲು ಕೇಳುವುದೇ "ಯಾವ ಗುಳಿಗಿ ತಗೋತೀರಿ?" ಎಂದು. "ಬಿ.ಪಿ.ದು ರೀ, ಕೆಂಪಂದು" ಎಂಬ ಉತ್ತರದಿಂದ ಮದ್ದು ಆರಿಸಲಾದೀತೇ? ತಪ್ಪು ಆ ರೈತನದಲ್ಲ, ಅವನಿಗೆ ಅರ್ಥವಾಗದ ಕಾಗದ ಕೊಟ್ಟು ಕಳಿಸುವ ವ್ಯವಸ್ಥೆಯದು!

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡದಲ್ಲಿ ಚೀಟಿ ಬರೆಯಬೇಕೆಂದು ಕೇಳಿದರು. ಔಷಧಿ ಹೆಸರು ಕನ್ನಡದಲ್ಲಿ ಬರೆದರೆ ಗೊಂದಲವಾಗುತ್ತದೆ ಎನ್ನುವವರಿಗೆ ನಮ್ಮ ಉತ್ತರ ಸರಳ: ಇಂಗ್ಲಿಷೂ ಇರಲಿ, ಕೆಳಗೆ ಕನ್ನಡವೂ ಇರಲಿ! ಎರಡು ಸಾಲಿನ ಶಾಯಿಗೆ ಜೀವಕ್ಕಿಂತ ಹೆಚ್ಚು ಬೆಲೆಯೇ?

ನಾಲ್ಕೂ ತಾಲೂಕಿನ ಆಸ್ಪತ್ರೆಗಳಲ್ಲಿ ಒಮ್ಮೆ ಬಾವು ಬಂದ ಪ್ರತಿ ರೋಗಿಗೂ ಕನ್ನಡದ ಕಾರ್ಡ್ ಕೊಡಿ. ಯಾವ ಬಾವು, ಯಾವ ಮದ್ದು ಬೇಕು, ಯಾವುದು ಬೇಡ ಎಂದು ಬರೆಯಿರಿ. ಅಡ್ರಿನಲಿನ್ ಸದಾ ಕೈಗೆ ಸಿಗಲಿ. ಪ್ಲಾಸ್ಮಾ ಎಲ್ಲಿ ಸಿಗುತ್ತದೆಂದು ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿರಿ.

ತರುಣರೇ, ಸರ್ಕಾರ ಏಳುವವರೆಗೆ ಕಾಯಬೇಡಿ. ಈ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಅವ್ವನ ಗುಳಿಗೆಗಳ ಹೆಸರನ್ನು ಕನ್ನಡದಲ್ಲಿ ಬರೆದು ಅವರ ಕಿಸೆಯಲ್ಲಿಡಿ. ಡಾಕ್ಟರರನ್ನು ಕೇಳದೆ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ. ಬಾವು ಬಂದರೆ ಮಾತ್ರ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಫೋನ್ ಮಾಡಿ.

1824ರಲ್ಲಿ ಬ್ರಿಟಿಷರಿಗೆ ತಲೆಬಾಗದ ಚನ್ನಮ್ಮನ ನೆಲದಲ್ಲಿ ಒಂದು ಇಂಗ್ಲಿಷ್ ಚೀಟಿಗೆ ಜೀವ ಬಲಿಯಾಗಬಾರದು!