ಅಗ್ಗದ ನಿಸ್ತಂತು ಟ್ರಿಗರು ವಿದ್ಯಾರ್ಥಿಗೆ ಸಾಲದೆ?

ಕ್ಯಾಮೆರಾದ ನೆತ್ತಿಯ ಮೇಲೆಯೇ ಕುಳಿತ ಫ್ಲ್ಯಾಷ್ ದೀಪವು ಮುಖವನ್ನು ಬೆಳಗುತ್ತದೆಯೇ ಹೊರತು ಅದಕ್ಕೆ ರೂಪವನ್ನು ಕೊಡುವುದಿಲ್ಲ. ಬೆಳಕು ನೋಟದ ದಿಕ್ಕಿನಿಂದಲೇ ಬಂದು ಬೀಳುವುದರಿಂದ ನೆರಳುಗಳೆಲ್ಲ ವಸ್ತುವಿನ ಹಿಂದೆ ಅಡಗುತ್ತವೆ. ಮೂಗು, ಕೆನ್ನೆ, ಗಲ್ಲಗಳ ಏರುತಗ್ಗುಗಳು ಅಳಿಸಿಹೋಗಿ ಮುಖವು ಕಾಗದದ ಹಾಳೆಯಂತೆ ಚಪ್ಪಟೆಯಾಗಿ ತೋರುತ್ತದೆ. ಅದೇ ದೀಪವನ್ನು ಬೇರ್ಪಡಿಸಿ ಒಂದೆರಡು ಮೀಟರ್ ಪಕ್ಕಕ್ಕೆ ಸರಿಸಿದೊಡನೆಯೇ ಚಿತ್ರಕ್ಕೆ ಆಳ ಬರುತ್ತದೆ. ಆದರೆ ಷಟರ್ ತೆರೆದ ಕ್ಷಣದಲ್ಲಿಯೇ ದೂರದ ದೀಪವೂ ಮಿಂಚಬೇಕಲ್ಲವೆ? ಆ ಅಪ್ಪಣೆಯನ್ನು ಒಯ್ಯುವ ಪುಟ್ಟ ರೇಡಿಯೋ ಉಪಕರಣವೇ ನಿಸ್ತಂತು ಟ್ರಿಗರು. ಕ್ಯಾಮೆರಾದ ಮೇಲೊಂದು ಪ್ರೇಷಕ, ದೀಪದ ಬುಡದಲ್ಲೊಂದು ಗ್ರಾಹಕ. ಇಷ್ಟೇ ಅದರ ಸಂಸಾರ.

ಇಂಥ ಉಪಕರಣಗಳ ಬೆಲೆಗಳಲ್ಲಿ ಇಂದು ಹಲವು ಪಟ್ಟಿನ ಅಂತರವಿದೆ. ಬಂಧುಮಿತ್ರರ ಮದುವೆ, ಉಪನಯನಗಳ ಚಿತ್ರ ತೆಗೆದು ಕಾಲೇಜಿನ ಶುಲ್ಕಕ್ಕೆ ನಾಲ್ಕು ಕಾಸು ಕೂಡಿಸಿಕೊಳ್ಳುವ ವಿದ್ಯಾರ್ಥಿಗಳು ನಮ್ಮಲ್ಲಿ ಉಂಟು. ಮಾಂಗಲ್ಯಧಾರಣೆಯ ಹೊತ್ತಿನಲ್ಲಿ ದೀಪ ಮಿಂಚದೆ ಹೋದರೆ ಆ ಕ್ಷಣವನ್ನು ಮತ್ತೆ ನಡೆಸಿಕೊಡೆಂದು ಯಾರನ್ನೂ ಕೇಳುವಂತಿಲ್ಲ. ಆದುದರಿಂದ ಬೆಲೆ ಹೆಚ್ಚಾದಷ್ಟೂ ನಂಬಿಕೆ ಹೆಚ್ಚೆಂದು ಭಾವಿಸಿ ಸಾಲ ಮಾಡಿಯಾದರೂ ದುಬಾರಿಯದನ್ನೇ ಕೊಳ್ಳುವವರನ್ನು ನಾವು ಕಂಡಿದ್ದೇವೆ. ಇದು ಅನಾವಶ್ಯಕವೆಂದೇ ನಮ್ಮ ಅಭಿಪ್ರಾಯ. ದೂರದಿಂದ ಒಂದು ಕಿಡಿಯನ್ನು ಹೊತ್ತಿಸುವುದು ಹಳೆಯ ವಿದ್ಯೆ. ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಗಳನ್ನು ಹಾದುಹೋದ ವಿದ್ಯುತ್ಕಾಂತ ತರಂಗಗಳಿಂದ ದೂರದ ಗಂಟೆಯನ್ನು ಬಾರಿಸಿ, ಕೋವಿಮದ್ದನ್ನು ಸಿಡಿಸಿ ತೋರಿಸಿದ್ದರು. ಅಷ್ಟು ಕೆಲಸಕ್ಕೆ ಇಂದು ಅಪಾರ ಹಣ ಬೇಕಾಗಿಲ್ಲ.

ಹಾಗಾದರೆ ಅಗ್ಗದ ಟ್ರಿಗರು ಎಡವುವುದೆಲ್ಲಿ? ಮುಖ್ಯವಾಗಿ ಕಾಲದಲ್ಲಿ. ರೇಡಿಯೋ ತರಂಗವು ೩೦ ಮೀಟರ್ ದೂರವನ್ನು ಒಂದು ಸೆಕೆಂಡಿನ ಕೋಟಿಯಲ್ಲೊಂದು ಭಾಗದಲ್ಲಿ ದಾಟುತ್ತದೆ. ಅಲ್ಲಿ ವಿಳಂಬವೆಂಬುದೇ ಇಲ್ಲ. ಸಂಕೇತವನ್ನು ಕಟ್ಟುವ ಪ್ರೇಷಕವೂ, ಅದು ತನ್ನದೇ ಹೌದೆ ಎಂದು ಪರೀಕ್ಷಿಸುವ ಗ್ರಾಹಕವೂ ತೆಗೆದುಕೊಳ್ಳುವ ಹೊತ್ತೇ ನಿಜವಾದ ವಿಳಂಬ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡೋಣ. ನಮ್ಮ ಸಾಮಾನ್ಯ ಕ್ಯಾಮೆರಾಗಳ ಷಟರಿನಲ್ಲಿ ಎರಡು ಪರದೆಗಳಿವೆ. ಒಂದು ಸರಿದು ಸಂವೇದಕವನ್ನು ತೆರೆಯುತ್ತದೆ, ಇನ್ನೊಂದು ಹಿಂದೆಯೇ ಬಂದು ಮುಚ್ಚುತ್ತದೆ. ಪರದೆ ಸಾಗಲು ೪ ಮಿಲಿಸೆಕೆಂಡ್ ಬೇಕೆಂದಿಟ್ಟುಕೊಂಡರೆ, ೧/೨೦೦ ಸೆಕೆಂಡಿನ, ಎಂದರೆ ೫ ಮಿಲಿಸೆಕೆಂಡಿನ ಚಿತ್ರದಲ್ಲಿ ಸಂವೇದಕವು ಪೂರ್ತಿ ತೆರೆದಿರುವುದು ೧ ಮಿಲಿಸೆಕೆಂಡ್ ಮಾತ್ರ. ಪೂರ್ಣ ಶಕ್ತಿಯಲ್ಲಿ ಫ್ಲ್ಯಾಷಿನ ಬೆಳಕು ಬಾಳುವುದೂ ಹೆಚ್ಚುಕಡಿಮೆ ಅಷ್ಟೇ. ಅಪ್ಪಣೆಯು ಅರ್ಧ ಮಿಲಿಸೆಕೆಂಡ್ ತಡವಾಯಿತೆಂದರೆ ಎರಡನೆಯ ಪರದೆಯು ಆಗಲೇ ಹೊರಟಿರುತ್ತದೆ. ಚಿತ್ರದ ಒಂದಂಚಿನಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ವೇಗವನ್ನು ೧/೧೨೫ಕ್ಕೆ ಇಳಿಸಿರಿ: ೮ ಮಿಲಿಸೆಕೆಂಡಿನಲ್ಲಿ ೪ ಕಳೆದು ೪ ಉಳಿಯುತ್ತದೆ, ಪಟ್ಟಿ ಮಾಯವಾಗುತ್ತದೆ. ದುಬಾರಿ ಟ್ರಿಗರು ಮಾರುವ ವಸ್ತುವಿನ ಒಂದು ದೊಡ್ಡ ಪಾಲು ಈ ಅರ್ಧ ಮಿಲಿಸೆಕೆಂಡ್. ಕಲ್ಯಾಣಮಂಟಪದ ಒಳಗೆ ಅದರ ಅಗತ್ಯ ಯಾರಿಗಿದೆ? ಕೊಳ್ಳುವ ಮೊದಲು ಅಂಗಡಿಯ ಬಿಳಿಗೋಡೆಯನ್ನೇ ಬೇರೆಬೇರೆ ವೇಗಗಳಲ್ಲಿ ತೆಗೆದು ನೋಡಿದರೆ ಉಪಕರಣದ ಯೋಗ್ಯತೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಐವತ್ತು ಸಲ ಒತ್ತಿ ಎಷ್ಟು ಸಲ ದೀಪ ಮಿಂಚಿತೆಂದು ಎಣಿಸಲೂ ಸಂಕೋಚಪಡಬೇಕಾಗಿಲ್ಲ.

ಇನ್ನು ಆವೃತ್ತಿಯ ವಿಷಯ. ಅತ್ಯಂತ ಅಗ್ಗದವು ಸಾಮಾನ್ಯವಾಗಿ ೪೩೩ ಮೆಗಾಹರ್ಟ್ಸ್‌ನಲ್ಲಿಯೂ, ಅವುಗಳಿಗಿಂತ ತುಸು ಮೇಲಿನವು ೨.೪ ಗಿಗಾಹರ್ಟ್ಸ್‌ನಲ್ಲಿಯೂ ಕೆಲಸ ಮಾಡುತ್ತವೆ. ಮೊದಲನೆಯದರ ತರಂಗದೂರ ಸುಮಾರು ೬೯ ಸೆಂಟಿಮೀಟರ್. ಅದರ ಕಾಲುಭಾಗದ ಆಂಟೆನಾ ಬೆಂಕಿಪೊಟ್ಟಣದಷ್ಟರ ಪೆಟ್ಟಿಗೆಯಲ್ಲಿ ನೆಟ್ಟಗೆ ಹಿಡಿಯಲಾರದು. ಎರಡನೆಯದರ ತರಂಗದೂರ ಹನ್ನೆರಡೂವರೆ ಸೆಂಟಿಮೀಟರ್ ಆದುದರಿಂದ ಮೂರು ಸೆಂಟಿಮೀಟರಿನ ಆಂಟೆನಾ ಸಾಕು. ಆದರೆ ಈ ತರಂಗಗಳನ್ನು ನೀರು ಹೀರುತ್ತದೆ. ಮನುಷ್ಯದೇಹವೋ ಬಹುಪಾಲು ನೀರೇ. ಜನ ಕಿಕ್ಕಿರಿದಲ್ಲಿ ಗ್ರಾಹಕವನ್ನು ತಲೆಗಳಿಗಿಂತ ಎತ್ತರದಲ್ಲಿ ನಿಲ್ಲಿಸುವುದು ಜಾಣತನ. ವೈಫೈ, ಬ್ಲೂಟೂತ್‌ಗಳೂ ಇದೇ ಬೀದಿಯಲ್ಲಿ ಓಡಾಡುವುದರಿಂದ ಚಾನೆಲ್ ಬದಲಾಯಿಸುವ ಅನುಕೂಲವಿರಬೇಕು. ಪೆಟ್ಟಿಗೆಯ ಮೇಲೆ ನೂರು ಮೀಟರ್ ಎಂದು ಅಚ್ಚಾಗಿದ್ದರೆ ಅದಕ್ಕೆ ಮರುಳಾಗುವುದು ಬೇಡ. ನಮಗೆ ಬೇಕಾದುದು ಹತ್ತು ಮೀಟರ್.

ಟಿಟಿಎಲ್ ಎಂಬ ಸೌಕರ್ಯದ ಬಗೆಗೆ ನಮಗೆ ಹೆಚ್ಚಿನ ಆಕ್ಷೇಪವಿದೆ. ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ಕ್ಯಾಮೆರಾವೇ ದೀಪದ ಶಕ್ತಿಯನ್ನು ನಿರ್ಧರಿಸುವ ಏರ್ಪಾಡು ಇದು. ಓಡಾಡುವ ಜನರ ನಡುವೆ ಇದರಿಂದ ಉಪಯೋಗವುಂಟು, ನಿಜ. ನಡುಹಗಲಿನ ಬಿಸಿಲಿನಲ್ಲಿ ಬಹುವೇಗದ ಷಟರಿನೊಡನೆ ಫ್ಲ್ಯಾಷ್ ಬಳಸುವವರಿಗೂ ಬುದ್ಧಿವಂತ ಟ್ರಿಗರೇ ಬೇಕು. ಆದರೆ ದೀಪವೂ ವ್ಯಕ್ತಿಯೂ ನಿಂತಲ್ಲೇ ನಿಂತಿರುವಾಗ ಅಳೆಯುವುದೇನಿದೆ? ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದು ಪಾಲಾಗುತ್ತದೆಂದು ಪಠ್ಯದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವರು, ದೀಪವನ್ನು ಕೈಯಿಂದಲೇ ಹದಮಾಡಿ ಅದನ್ನು ಕಣ್ಣಾರೆ ಕಾಣಬಹುದು. ಟಿಟಿಎಲ್ ಟ್ರಿಗರು ಒಂದೊಂದು ಕಂಪನಿಯ ಕ್ಯಾಮೆರಾಕ್ಕೆ ಒಂದೊಂದು ಬಗೆಯದು. ಕ್ಯಾಮೆರಾ ಬದಲಾದರೆ ಅದೂ ಬದಲಾಗಬೇಕು. ಸಾದಾ ಟ್ರಿಗರು ಹಾಟ್‌ಷೂವಿನ ನಡುವಣ ಒಂದೇ ಸ್ಪರ್ಶಬಿಂದುವನ್ನು ನಂಬಿರುವುದರಿಂದ ಬಹುಮಟ್ಟಿಗೆ ಎಲ್ಲೆಡೆಯೂ ಸಲ್ಲುತ್ತದೆ. ಇದಕ್ಕೆ ಒಂದು ಅಪವಾದವನ್ನು ಮರೆಯಬಾರದು. ೨೦೧೯ರಲ್ಲಿ ಬಂದ ಕ್ಯಾನನ್ ೨೦೦ಡಿ ಮಾರ್ಕ್ ೨ ಕ್ಯಾಮೆರಾದಲ್ಲಿ ತಯಾರಕರು ಆ ನಡುಬಿಂದುವನ್ನೇ ಬಿಟ್ಟುಬಿಟ್ಟಿದ್ದಾರೆ! ಅದರ ಮೇಲೆ ಸಾದಾ ಟ್ರಿಗರು ಮೂಕ. ಕೊಳ್ಳುವ ಮುನ್ನ ತಮ್ಮ ಕ್ಯಾಮೆರಾದ ನೆತ್ತಿಯನ್ನು ಒಮ್ಮೆ ನೋಡಿಕೊಳ್ಳಲಿ.

ಇಷ್ಟೆಲ್ಲ ಸರಿಯಿದ್ದರೂ ಅಗ್ಗದ ಉಪಕರಣ ಎಂದೋ ಒಂದು ದಿನ ಕೈಕೊಡಬಹುದು, ದುಬಾರಿಯದೂ ಕೊಡಬಹುದು. ಒಂದು ದುಬಾರಿ ಜೋಡಿಗೆ ಬದಲಾಗಿ ಎರಡು ಅಗ್ಗದ ಜೋಡಿಗಳೂ, ಚೀಲದ ಮೂಲೆಯಲ್ಲಿ ಒಂದು ಸಿಂಕ್ ತಂತಿಯೂ ಇದ್ದರೆ ಮುಹೂರ್ತ ತಪ್ಪುವ ಭಯ ಕಡಿಮೆ. ಯೊಂಗ್‌ನುವೊ ಆರ್‌ಎಫ್ ೬೦೩ರಂಥವುಗಳಲ್ಲಿ ಪ್ರತಿಯೊಂದು ಘಟಕವೂ ಪ್ರೇಷಕವಾಗಿಯೂ ಗ್ರಾಹಕವಾಗಿಯೂ ದುಡಿಯುವುದರಿಂದ ಒಂದು ಕೆಟ್ಟರೆ ಇನ್ನೊಂದನ್ನು ಅದರ ಜಾಗದಲ್ಲಿ ಕೂರಿಸಬಹುದು. ಅದು ಎರಡು ಎಎಎ ಬ್ಯಾಟರಿಗಳಿಂದ ನಡೆಯುತ್ತದೆ. ಅವು ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ದೊರಕುವ ಸಂಭವವುಂಟು. ೧೨ ವೋಲ್ಟಿನ ಪುಟಾಣಿ ಬ್ಯಾಟರಿಯನ್ನು ಬೇಡುವ ಪ್ರೇಷಕಗಳ ವಿಷಯದಲ್ಲಿ ಈ ಭರವಸೆ ಇಲ್ಲ.

ಹಳೆಯ ಫ್ಲ್ಯಾಷ್ ದೀಪವನ್ನು ಕಡಿಮೆ ಬೆಲೆಗೆ ತಂದು ಟ್ರಿಗರಿಗೆ ಜೋಡಿಸುವವರಿಗೆ ಒಂದು ಮಾತು. ಕೆಲವು ಹಳೆಯ ದೀಪಗಳ ಸ್ಪರ್ಶಬಿಂದುವಿನಲ್ಲಿ ಇನ್ನೂರು ವೋಲ್ಟಿಗೂ ಮಿಕ್ಕಿದ ಒತ್ತಡವಿರುತ್ತದೆ. ದೀಪವು ಪೂರ್ತಿ ಸಜ್ಜಾದ ಮೇಲೆ, ಮಲ್ಟಿಮೀಟರನ್ನು ೬೦೦ ವೋಲ್ಟ್ ಅಥವಾ ಅದಕ್ಕೂ ಮೇಲಿನ ಡಿ.ಸಿ. ಅಳತೆಗೆ ಇಟ್ಟು, ನಡುಬಿಂದುವಿಗೂ ಪಕ್ಕದ ಲೋಹಕ್ಕೂ ನಡುವೆ ಅಳೆಯಿರಿ. ಬೆರಳು ತಾಗದಿರಲಿ, ದೀಪದ ಕವಚವನ್ನು ಮಾತ್ರ ಬಿಚ್ಚಲೇಬೇಡಿರಿ, ಒಳಗಿನ ಕೆಪ್ಯಾಸಿಟರ್ ಪ್ರಾಣಾಂತಿಕ. ಬಂದ ಅಂಕಿಯು ಗ್ರಾಹಕದ ಕೈಪಿಡಿಯಲ್ಲಿ ಹೇಳಿದ ಮಿತಿಗಿಂತ ಹೆಚ್ಚಾಗಿದ್ದರೆ ಆ ದೀಪವನ್ನು ಅದಕ್ಕೆ ಜೋಡಿಸಬಾರದು, ಕ್ಯಾಮೆರಾದ ಮೇಲಂತೂ ಕೂರಿಸಲೇಬಾರದು.