ಗುಜರಿಗೆ ಹೋಗುವ ಕೈಬಣ್ಣದ ಚಿತ್ರಗಳು

ಮೈಸೂರಿನ ಶ್ರೀರಾಂಪುರದಂತಹ ಬಡಾವಣೆಗಳಲ್ಲಿ ಹಳೆಯ ಮನೆ ಹೊಸದಾಗುವಾಗ ಗುಜರಿ ಸೇರುವ ವಸ್ತುಗಳಲ್ಲಿ, ಕೈಯಿಂದ ಬಣ್ಣ ತುಂಬಿದ ಹಿರಿಯರ ಭಾವಚಿತ್ರವೂ ಒಂದು. ಕಪ್ಪು-ಬಿಳುಪು ಛಾಯಾಚಿತ್ರದ ಮೇಲೆ ಕುಂಚದಿಂದಲೋ ಹತ್ತಿಯಿಂದಲೋ ತೆಳುವಾಗಿ ಬಣ್ಣ ಲೇಪಿಸಿ, ಸೀರೆಯ ಜರಿಗೆ ಹೊಳಪು, ಹಣೆಗೆ ಕುಂಕುಮದ ಕೆಂಪು ಕೊಟ್ಟ ಸ್ಟುಡಿಯೋ ಕಲಾವಿದರ ಹೆಸರುಗಳು ಬಹುಪಾಲು ದಾಖಲಾಗಿಲ್ಲ.

1965ರ ‘ಸತ್ಯ ಹರಿಶ್ಚಂದ್ರ’ ಚಲನಚಿತ್ರ 2008ರಲ್ಲಿ ಕಂಪ್ಯೂಟರ್ ನೆರವಿನಿಂದ ವರ್ಣಮಯವಾಯಿತು. ಅದರ ಕಪ್ಪು-ಬಿಳುಪು ರೂಪವೂ ಉಳಿದಿದೆ. ಕೈಬಣ್ಣದ ಚಿತ್ರಕ್ಕೆ ಆ ಭಾಗ್ಯವಿಲ್ಲ. ಅದಕ್ಕೆ ಇನ್ನೊಂದು ಪ್ರತಿಯಿಲ್ಲ. ಸ್ಕ್ಯಾನ್ ಮಾಡಿಸಿದರೆ ಸಾಕೆಂಬ ವಾದವನ್ನು ನಾನು ಒಪ್ಪಲಾರೆ. ಕಾಗದದ ಮೇಲಿನ ಬಣ್ಣದ ಪದರವನ್ನು ಅದು ಉಳಿಸದು.

ಚಿತ್ರಕಲೆ, ಛಾಯಾಚಿತ್ರಣ ಎರಡನ್ನೂ ಕಲಿಸುವ ನಗರದ ಕಾವಾ ಕಾಲೇಜು ಇವುಗಳ ಸಂಗ್ರಹಕ್ಕೆ ಮುಂದಾಗಬೇಕು. ನಾವೂ ಚಿತ್ರದ ಹಿಂಬದಿಯಲ್ಲಿ ಹೆಸರು, ವರ್ಷ, ಸ್ಟುಡಿಯೋಗಳನ್ನು ಪೆನ್ಸಿಲ್‌ನಲ್ಲಿ ಬರೆದಿಡೋಣ.